ಮೂರನೆಯ ಸಾಲಿನ ಕೊರಲೆ

ಹಿಂದೂಪುರ
3 ಮೇ 2023

ಅತ್ತೆ, ಶರಣು.

ಯುಗಾದಿಗೂ ಇವಳು ಕಾಗದ ಬರೆಯಲಿಲ್ಲ ಎಂದು ಮಾವನ ಹತ್ತಿರ ಹೇಳಿಕೊಂಡಿರುತ್ತೀರಿ. ಕಾರಣ ಇದೆ. ಹದಿನೇಳು ವರ್ಷ ಇಂಗ್ಲಿಷ್ ಪಾಠ ಮಾಡಿದ ಶಾಲೆಯನ್ನು ಬಿಟ್ಟೆ. ನಲವತ್ತೈದಕ್ಕೆ ಹೊಸ ಕೆಲಸ ಹಿಡಿಯುವವರನ್ನು ಜನ ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ, ಅದೂ ಗೊತ್ತಾಯಿತು. ಈಗ ಇಲ್ಲಿನ ಒಂದು ರೈತ ಸಂಸ್ಥೆಯಲ್ಲಿ ಸಂಯೋಜಕಿ. ಈ ವರ್ಷ ಇಡೀ ಲೋಕಕ್ಕೆ ಸಿರಿಧಾನ್ಯದ ವರ್ಷ. ಕಡಲೆಕಾಯಿ ಬಂದ ಮೇಲೆ ನಮ್ಮ ಕಡೆ ಕಾಣೆಯಾದ ಹಳೆಯ ಬೆಳೆಗಳ ಬೀಜವನ್ನು ಊರೂರಿಂದ ಕೂಡಿಸಿ, ಪರೀಕ್ಷೆ ಮಾಡಿಸಿ, ಬೆಳೆದವರ ಹೆಸರಿನಲ್ಲೇ ದಾಖಲು ಮಾಡಿ, ಬೀಜದ ಬ್ಯಾಂಕು ಕಟ್ಟುತ್ತಿದ್ದೇವೆ. ಬಿತ್ತನೆ ಕಾಲಕ್ಕೆ ಕೊಟ್ಟವರಿಗೆ ಕೊಟ್ಟದ್ದರ ಒಂದೂವರೆಯಷ್ಟು ವಾಪಸು. ಫಾರಂ ತುಂಬುವುದು ನನ್ನ ಪಾಲಿನ ಕೆಲಸ.

ನಿನಗೇನು ಬೇಸಾಯ ಗೊತ್ತು ಎಂದು ನೀವು ಕೇಳುವ ಮೊದಲೇ ನಾನು ಕೇಳಿಕೊಂಡಿದ್ದೇನೆ. ಅಪ್ಪಾಜಿಯ ಹುಣಸೆ ಮಂಡಿಯಲ್ಲಿ ಬೆಳೆದವಳಿಗೆ ತೂಕ ಗೊತ್ತು, ಗಿಡ ಗೊತ್ತಿಲ್ಲ. ಆದರೆ ಹತ್ತನೇ ವಯಸ್ಸಿನ ಬೇಸಿಗೆ ರಜೆಯಲ್ಲಿ ನೀವು ಮೊರದ ಮೇಲೆ ಕಾಳು ಹರಡಿ, ನನ್ನ ಬೆರಳು ಹಿಡಿದು ಅಕ್ಷರ ಬರೆಸಿದ್ದು ಮರೆತಿಲ್ಲ. ರಾಗಿಯ ಮೇಲೆ ರ, ಸಜ್ಜೆಯ ಮೇಲೆ ಸ, ನವಣೆಯ ಮೇಲೆ ನ. ಇನ್ನೂ ಇದ್ದವು, ಈಗ ನೆನಪಾಗುತ್ತಿಲ್ಲ. ಕಾನ್ವೆಂಟಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು. ನನ್ನ ಕನ್ನಡ ಬಂದದ್ದು ಆ ಮೊರದಿಂದ. ಫೋನಿನಲ್ಲಿ ಎರಡು ಮಾತಿಗೆ ತೆಲುಗಿಗೆ ಜಾರುತ್ತೇವೆ, ಮುಖ್ಯವಾದದ್ದು ಕಾಗದದಲ್ಲೇ ಇರಲಿ ಎಂದು ಕಟ್ಟು ಮಾಡಿದವರೂ ನೀವೇ. ಮೂವತ್ತೈದು ವರ್ಷ ನಾನು ಬರೆದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದೀರಿ. ಇದನ್ನೂ ಕಳಿಸುತ್ತೀರಿ.

ನಿಮ್ಮ ಅಟ್ಟದ ಮೇಲಿನ ಗಡಿಗೆಗಳಲ್ಲಿ ಈಗ ಏನೇನಿದೆ? ಬರೆಯಿರಿ.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
14 ಮೇ 2023

ಕಲಾ,

ನಿನ್ನ ಕಾಗದ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಹನ್ನೊಂದು ತಪ್ಪು, ಹೋದ ಸಲಕ್ಕಿಂತ ಕಡಿಮೆ.

ನಿನ್ನ ಕೆಲಸದ ವಿಚಾರ ಮಾವನಿಗೆ ಓದಿ ಹೇಳಿದೆ. "ಬೀಜಕ್ಕೂ ಆಧಾರ್ ಕಾರ್ಡು ಮಾಡಿಸ್ತಾಳಂತೆ ಕಣೇ ನಿನ್ನ ಅಣ್ಣನ ಮಗಳು. ಬೆರಳಚ್ಚು ಯಾವ ಕಡೆಯಿಂದ ತಗಂತಾಳೋ ಕೇಳು" ಎಂದರು. ಅವರ ಮಾತು ಬಿಡು. ಇದು ಒಳ್ಳೆಯ ಕೆಲಸ.

ನಮ್ಮಲ್ಲಿ ಉಳಿದಿರುವುದು ಕೊರಲೆ ಒಂದೇ. ನಾನು ಪಾವಗಡದಿಂದ ಈ ಮನೆಗೆ ಬಂದ ಹೊಸತರಲ್ಲಿ ಜೀಪಿನಲ್ಲಿ ಬಂದವರು ಎಲ್ಲ ಹೊಲಕ್ಕೂ ಕಡಲೆಕಾಯಿ ಹಾಕಿ ಎಂದರು. ಹಾಕಿದೆವು. ನವಣೆ, ಸಾಮೆ, ಹಾರಕ ಎಲ್ಲ ಹೋದವು. ಎಂಟು ಹುಣಸೆ ಮರದ ನೆರಳಿನಲ್ಲಿ ಮಾತ್ರ ಕಡಲೆಕಾಯಿ ಕಚ್ಚಲಿಲ್ಲ. ಅಲ್ಲಿ ನಮ್ಮತ್ತೆ ಕೊರಲೆ ಎರಚಿದರು. ನೆರಳಿನಲ್ಲೂ ತೆನೆ ಕಟ್ಟುವುದು ಅದೊಂದೇ. ಆಮೇಲೆ ರೇಷ್ಮೆ ಎಂದರು, ಡ್ರಿಪ್ಪು ಎಂದರು, ದಾಳಿಂಬೆ ಎಂದರು. ಪ್ರತಿ ಸಲ ಬೇರೆ ಜೀಪು. ಯಾರೂ ಹುಣಸೆ ಮರದ ಕೆಳಗೆ ನೋಡಲಿಲ್ಲ. ಹಾಗಾಗಿ ಉಳಿಯಿತು.

ಐದು ಗಡಿಗೆ ಇದೆ. ಬೂದಿ ಬೆರೆಸಿ, ಲಕ್ಕಿ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿದ್ದೇನೆ. ಪಕ್ಕದ ಮನೆ ಶಿವಲಕ್ಷ್ಮಮ್ಮನ ಹತ್ತಿರವೂ ಸ್ವಲ್ಪ ಇದೆ, ಆರು ವರ್ಷದ ಹಿಂದೆ ನಾನೇ ಕೊಟ್ಟದ್ದು. ಈ ಸುತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಆದರೆ ಒಂದು ಕಟ್ಟುಪಾಡು ಇದೆ. ಯಾರಿಗೆ ಬೀಜ ಕೊಟ್ಟರೂ ಗಡಿಗೆಯ ತಳದ ಒಂದು ಸೇರನ್ನು ಮುಟ್ಟಬಾರದು. ಅದಕ್ಕೆ ತಳಗಾಳು ಎನ್ನುತ್ತೇವೆ. ಹೆತ್ತ ಮಗಳಿಗೂ ಕೊಡುವಂತಿಲ್ಲ. ಅದು ಬಿಟ್ಟು ಎಷ್ಟು ಬರುತ್ತದೋ ಅಷ್ಟು ನಿನ್ನ ಬ್ಯಾಂಕಿಗೆ.

ನಿಮ್ಮಲ್ಲಿ ಬೀಜ ಕಾಯುವವರು ಯಾರು? ಗಡಿಗೆಯಲ್ಲಿ ಇಡುತ್ತೀರೋ, ಚೀಲದಲ್ಲೋ?

ಸರ್ವಮಂಗಳಮ್ಮ


ಹಿಂದೂಪುರ
22 ಮೇ 2023

ಅತ್ತೆ,

ನಿಮ್ಮ ಕಾಗದ ಬಂದ ದಿನವೇ ಅದನ್ನು ನಮ್ಮ ಸಭೆಯಲ್ಲಿ ಓದಿದೆ.
ಸಂಸ್ಥೆಯಲ್ಲಿ ಕನ್ನಡ ಬಲ್ಲವರು ಕಡಿಮೆ, ಆದ್ದರಿಂದ ಸಾಲುಸಾಲಾಗಿ ತೆಲುಗಿಗೆ ತಿರುಗಿಸುತ್ತ ಹೋದೆ.
ನಿಮ್ಮ ಕೊರ್ರ ಹುಣಸೆ ಮರದ ನೆರಳಿನಲ್ಲಿ ಬೆಳೆಯುತ್ತದೆ ಎಂದಾಗ ಎಲ್ಲರೂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

ನಮ್ಮ ಮುಖ್ಯಸ್ಥ ಯುವರಾಜ್ ಎಂಬುವರು ಕೃಷಿ ಓದಿದವರು. ನೆರಳಿನಲ್ಲಿ ಬರುವ ಕೊರ್ರ ಎಲ್ಲೂ ಇಲ್ಲ, ಇದು ಸಿಕ್ಕರೆ ಈ ವರ್ಷದ ನಮ್ಮ ದೊಡ್ಡ ಕೆಲಸ ಇದೇ ಆಗುತ್ತದೆ ಎಂದರು. ತಳಿಗೆ ನಿಮ್ಮ ಹೆಸರನ್ನೇ ಇಡುವ ಮಾತೂ ಬಂತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ಹೆಮ್ಮೆ ನಿಮ್ಮದೋ ನನ್ನದೋ ಎಂದು ಮನೆಗೆ ಬಂದ ಮೇಲೆ ಯೋಚಿಸಬೇಕಾಯಿತು.

ಒಂದು ತೊಡಕಿದೆ. ನಲವತ್ತು ಕಿಲೋ ಇದ್ದರೆ ಮಾತ್ರ ದಾಖಲು ಮಾಡಿಕೊಳ್ಳುತ್ತಾರೆ. ನಿಮ್ಮದೂ ಶಿವಲಕ್ಷ್ಮಮ್ಮನವರದೂ ಸೇರಿ ಅಷ್ಟಾಗಬಹುದೇ? ಕಲ್ಯಾಣದುರ್ಗದ ನಮ್ಮ ಕೇಂದ್ರಕ್ಕೆ ಮುಟ್ಟಿಸಿದರೆ ಸಾಕು. ಫಾರಂ ನಾನೇ ತುಂಬಿಟ್ಟಿದ್ದೇನೆ. ಇಡುವುದು ಚೀಲದಲ್ಲಿ, ತಣ್ಣನೆಯ ಗೋದಾಮಿದೆ. ಕಾಯುವವರು ಬೈರಣ್ಣ, ರೊದ್ದಂ ಕಡೆಯವರು, ನಂಬಿಕಸ್ಥರು.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
1 ಜೂನ್ 2023

ಕಲಾ,

ನಿನ್ನ ಕಾಗದ ತಿದ್ದಿ ಇಟ್ಟಿದ್ದೇನೆ. ಎಂಟೇ ತಪ್ಪು. ಮೂರನೆಯ ಸಾಲನ್ನು ಮಾತ್ರ ನಿಧಾನವಾಗಿ ನೋಡು, ಅಂಚಿನಲ್ಲಿ ಬರೆದಿದ್ದೇನೆ.

ಸೋಮವಾರ ಗಡಿಗೆ ಇಳಿಸಿದೆವು. ಶಿವಲಕ್ಷ್ಮಮ್ಮ ತನ್ನದನ್ನು ಸೀರೆಯ ತುಂಡಿನಲ್ಲಿ ಕಟ್ಟಿ ತಂದಳು. "ಅಕ್ಕಾ, ಬ್ಯಾಂಕು ಅಂದ್ರೆ ನಮ್ದು ನಮಗೆ ಕೊಡೋಕೂ ನಾಕು ಸಲ ಓಡಾಡಿಸ್ತಾರೆ. ಇದೂ ಹಂಗೇನಾ?" ಎಂದು ಕೇಳಿದಳು. ನಮ್ಮ ಕಲಾ ಇದ್ದಾಳೆ ಕಣಮ್ಮ ಎಂದೆ. ಆಟೋದಲ್ಲಿ ಇಬ್ಬರೂ ಕಲ್ಯಾಣದುರ್ಗಕ್ಕೆ ಹೋದೆವು. ತೂಕ ಮೂವತ್ತೈದು ಬಂತು. ಕೇಂದ್ರದವರು, ನಲವತ್ತು ಇಲ್ಲದಿದ್ದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ ಎಂದರು. ಚೀಲ ಅಲ್ಲೇ ಬಿಟ್ಟು ಬಂದು, ಮಾರನೆಯ ದಿನ ಇನ್ನೈದು ಕಿಲೋ ಕೊಟ್ಟು ಬಂದೆ. ಹೇಗೋ ಹೊಂದಿಸಿದೆ.

ಬೆರಳಚ್ಚು ಬೇಡ ಎಂದರು, ಸಹಿ ಸಾಕಂತೆ. ಕನ್ನಡದಲ್ಲೇ ಹಾಕಿದೆ. ಬರೆದುಕೊಳ್ಳುವವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಸರ್ವಮಂಗಳಮ್ಮ


ಹಿಂದೂಪುರ
15 ಜೂನ್ 2023

ಅತ್ತೆ,

ನಿನ್ನೆ ಬ್ಯಾಂಕಿನ ಉದ್ಘಾಟನೆ ಆಯಿತು. ಬಾಗಿಲಿನ ಬ್ಯಾನರಿನಲ್ಲಿ ಆಳೆತ್ತರದ ನಿಮ್ಮ ಫೋಟೋ, ನನ್ನ ಮದುವೆಯದನ್ನು ಕತ್ತರಿಸಿ ಮಾಡಿಸಿದ್ದು. ಕೆಳಗೆ ತೆಲುಗಿನಲ್ಲಿ 'ವಿತ್ತನಾಲ ತಲ್ಲಿ' ಎಂದು ಹಾಕಿದ್ದರು. ಬೀಜಗಳ ತಾಯಿ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನೀವು ಬರಲಿಲ್ಲವೆಂಬ ಕೊರಗು ಒಂದೇ. ವಿಭೂತಿ ಹಚ್ಚಿದ ನಿಮ್ಮ ಹಣೆಯ ಮೇಲೆಯೇ ಬ್ಯಾನರಿನ ಮೊಳೆ ಹೊಡೆದಿದ್ದರು. ಅದನ್ನು ನಾನೇ ಕೀಳಿಸಿ ಪಕ್ಕಕ್ಕೆ ಹೊಡೆಸಿದೆ.

ನಿಮ್ಮ ಚೀಲ ಬಂದಾಗ ನಾನೂ ಗೋದಾಮಿನಲ್ಲಿದ್ದೆ. ಬೈರಣ್ಣ ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಪರೀಕ್ಷೆಗೆ ಬೂದಿ ಇರಬಾರದಂತೆ, ಜರಡಿ ಹಿಡಿಸಿದೆವು. ಬೂದಿ ಹೋದ ಮೇಲೆ ಕಾಳು ಎಷ್ಟು ಚೆನ್ನಾಗಿ ಕಾಣುತ್ತಿತ್ತು.

ತಿದ್ದಿದ ಕಾಗದವೂ ತಲುಪಿತು. ಈ ಗಡಿಬಿಡಿಯಲ್ಲಿ ನಿಮ್ಮ ಕೆಂಪು ಶಾಯಿ ನೋಡಿ ನಗು ಬಂತು. ಈ ವಯಸ್ಸಿಗೂ ನಾನು ಒತ್ತಕ್ಷರ ಕಲಿಯಲಿಲ್ಲ. ಹಳೆಯವುಗಳ ಜೊತೆ ಕಡತಕ್ಕೆ ಸೇರಿಸಿದ್ದೇನೆ.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
24 ಜುಲೈ 2023

ಕಲಾ,

ಶನಿವಾರ ಹದವಾದ ಮಳೆ ಬಿತ್ತು. ಹುಣಸೆ ಮರದಡಿ ಕುಂಟೆ ಹೊಡೆಸಿದ್ದೇನೆ. ಶಿವಲಕ್ಷ್ಮಮ್ಮನೂ ತನ್ನ ಅರ್ಧ ಎಕರೆ ಸಿದ್ಧ ಮಾಡಿಕೊಂಡಿದ್ದಾಳೆ. ಒಂದೂವರೆಯಷ್ಟು ಏನೂ ಬೇಡ, ನನಗೆ ಹತ್ತು ಕಿಲೋ, ಅವಳಿಗೆ ಎರಡು ಕಿಲೋ ಕಳಿಸು. ಕೊರಲೆಗೆ ಆಗಸ್ಟ್ ಕೊನೆಯವರೆಗೂ ಕಾಲ ಇದೆ. ಆದರೆ ಮಣ್ಣಿನ ಹಸಿ ಅಷ್ಟು ದಿನ ನಿಲ್ಲುವುದಿಲ್ಲ.

ಬೇರೆ ವರ್ಷವಾದರೆ ತಡವಾದರೂ ಯೋಚಿಸುತ್ತಿರಲಿಲ್ಲ. ಈ ಸಲ ನಿನ್ನ ಬ್ಯಾಂಕಿನ ಮೇಲೇ ನಿಂತಿದ್ದೇನೆ.

ಶಿವಲಕ್ಷ್ಮಮ್ಮ ದಿನಾ ಸಂಜೆ ಬಂದು, "ಏನಕ್ಕಾ, ನಿಮ್ಮ ಬ್ಯಾಂಕು ಬಾಗ್ಲು ತೆಗೀತಾ?" ಎಂದು ಕೇಳಿ ಹೋಗುತ್ತಾಳೆ. ನಗುತ್ತಲೇ ಕೇಳುತ್ತಾಳೆ.

ಸರ್ವಮಂಗಳಮ್ಮ


ಹಿಂದೂಪುರ
5 ಆಗಸ್ಟ್ 2023

ಅತ್ತೆ,

ಚೀಲ ಇವತ್ತು ಕಲ್ಯಾಣದುರ್ಗದ ಗಾಡಿಯಲ್ಲಿ ಹೊರಟಿದೆ. ಹದಿನೈದು ಕಿಲೋ ಇದೆ, ನೀವಿಬ್ಬರೂ ಹಂಚಿಕೊಳ್ಳಿ. ನಿಮ್ಮದೇ ಕಾಳು ಇನ್ನೂ ಪರೀಕ್ಷೆಯಲ್ಲಿರುವುದರಿಂದ ಬ್ಯಾಂಕಿನ ಕೊರ್ರದಿಂದ ಕೊಡಿಸಿದ್ದೇನೆ. ಪರಿಗಿ ಊರಿನ ರೈತರು ಕೊಟ್ಟದ್ದು, ಒಳ್ಳೆಯ ಮೊಳಕೆ ಬಂದಿದೆಯಂತೆ. ಬ್ಯಾಂಕೆಂದ ಮೇಲೆ ಇಟ್ಟ ನೋಟೇ ವಾಪಸು ಬರುವುದಿಲ್ಲವಲ್ಲ. ಹುಳು ಹಿಡಿಯದಂತೆ ಔಷಧಿ ಬೆರೆಸಿದ್ದಾರೆ, ಅದಕ್ಕೇ ಗುಲಾಬಿ ಬಣ್ಣ. ಚೀಲದ ಮೇಲೆ ನಿಮ್ಮ ಫೋಟೋ ಅಚ್ಚಾಗಿದೆ, ಮಾವನಿಗೆ ತೋರಿಸಿ.

ಕಾಯಿಸಿದ್ದಕ್ಕೆ ಶಿವಲಕ್ಷ್ಮಮ್ಮನವರಿಗೆ ನನ್ನ ಪರವಾಗಿ ಎರಡು ಒಳ್ಳೆಯ ಮಾತು ಹೇಳಿ.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
14 ಆಗಸ್ಟ್ 2023

ಕಲಾ,

ಚೀಲ ಜಗುಲಿಯ ಮೇಲೆ ಬಿಚ್ಚಿದೆವು. ಒಂದು ಹಿಡಿ ನೀರಿಗೆ ಹಾಕಿ ಬಣ್ಣ ತೊಳೆದೆ. ನವಣೆ. ಶಿವಲಕ್ಷ್ಮಮ್ಮ ತೊಳೆಯುವ ಮೊದಲೇ ಹೇಳಿದ್ದಳು. ಮಾವ ಚೀಲದ ಮೇಲಿನ ಫೋಟೋ ನೋಡಿ, "ಮುಖ ನಿಂದೇ ಐತೆ, ಒಳಗಿರೋರು ಮಾತ್ರ ಬೇರೆ ಯಾರೋ ಕಣೇ" ಎಂದರು. ನಕ್ಕೆವು. ಆಮೇಲೆ ನಗು ಬರಲಿಲ್ಲ.

ತೆಲುಗಿನವರು ಕೊರ್ರ ಎನ್ನುವುದು ನಮ್ಮ ನವಣೆಯನ್ನು. ಇದನ್ನು ನಾನು ಜೂನ್ ಒಂದನೆಯ ತಾರೀಖೇ ನಿನ್ನ ಕಾಗದದ ಅಂಚಿನಲ್ಲಿ ಬರೆದಿದ್ದೇನೆ, ಫಾರಂನಲ್ಲಿ ಸರಿಮಾಡು ಎಂದೂ ಬರೆದಿದ್ದೇನೆ. ನೀನು ಸರಿಮಾಡಿರುತ್ತೀಯ. ಗೋದಾಮಿನಲ್ಲಿ ಯಾರೋ ಹೆಸರು ನೋಡಿ ಚೀಲ ಅದಲು ಬದಲು ಮಾಡಿದ್ದಾರೆ. ನವಣೆಗೆ ಬಯಲು ಬೇಕು, ನೆರಳಿನಲ್ಲಿ ಬಿತ್ತಿದರೆ ಬರೀ ಹುಲ್ಲು. ಕಟ್ಟಿ ಇಟ್ಟಿದ್ದೇನೆ, ಗಾಡಿ ಬಂದಾಗ ವಾಪಸು ಕೊಡುತ್ತೇನೆ.

ನನ್ನ ಕೊರಲೆ ಯಾವ ಮೂಲೆಯಲ್ಲಿದೆಯೋ ಹುಡುಕಿಸು. ಹಸಿ ಇನ್ನು ಹತ್ತು ದಿನ ನಿಂತರೆ ಹೆಚ್ಚು.

ಸರ್ವಮಂಗಳಮ್ಮ


ಬೆಳುಗುಪ್ಪ, ಕಲ್ಯಾಣದುರ್ಗ
1 ಸೆಪ್ಟೆಂಬರ್ 2023

ಕಲಾ,

ನಾಲ್ಕು ಸಲ ಫೋನ್ ಮಾಡಿದೆ. ಮೈಯಲ್ಲಿ ಹುಷಾರಿದ್ದೀಯಾ? ಅದನ್ನಾದರೂ ಬರಿ.

ಸರ್ವಮಂಗಳಮ್ಮ


ಹಿಂದೂಪುರ
10 ಸೆಪ್ಟೆಂಬರ್ 2023

ಅತ್ತೆ,

ಹುಷಾರಾಗಿದ್ದೇನೆ. ಇಲ್ಲಿ ಕೆಲಸ ವಿಪರೀತ. ಮುಂದಿನ ತಿಂಗಳು ಮೇಲಿನವರು ಪರಿಶೀಲನೆಗೆ ಬರುತ್ತಾರೆ. ನಿಮ್ಮ ಕಾಳಿನ ಪರೀಕ್ಷೆ ಇನ್ನೂ ನಡೆಯುತ್ತಿದೆ. ವಿಚಾರಿಸುತ್ತಿದ್ದೇನೆ. ತಿಳಿದ ಕೂಡಲೇ ಬರೆಯುತ್ತೇನೆ.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
26 ಸೆಪ್ಟೆಂಬರ್ 2023

ಕಲಾ,

ಕಲ್ಯಾಣದುರ್ಗದ ನಿಮ್ಮ ಕೇಂದ್ರದ ಗೋಡೆಗೆ ಒಂದು ನೋಟೀಸು ಅಂಟಿಸಿದ್ದಾರೆ. ಶಿವಲಕ್ಷ್ಮಮ್ಮ ನೋಡಿ ಬಂದು ಹೇಳಿದಳು. ಮರುದಿನ ನಾನೂ ಮಾವನೂ ಹೋಗಿ ಓದಿದೆವು. ತೆಲುಗಿನಲ್ಲಿದೆ. ಕೊರ್ರ ಎಂದು ಹೇಳಿ ಕೊಟ್ಟ ಬೀಜದಲ್ಲಿ ನೂಟಿಕಿ ನೂರು ಶಾತಂ ಕಲ್ತೀ. ನೂರಕ್ಕೆ ನೂರು ಕಲಬೆರಕೆ. ಕೊಟ್ಟವರು, ನಾನು ಮತ್ತು ಶಿವಲಕ್ಷ್ಮಮ್ಮ. ಚೀಲವನ್ನು ತಿರಸ್ಕರಿಸಲಾಗಿದೆ, ಮುಂದೆ ಇವರಿಂದ ಬೀಜ ತೆಗೆದುಕೊಳ್ಳಬಾರದು. ಕೆಳಗೆ ನಿನ್ನ ಸಹಿ.

ನಿನ್ನ ಸಹಿ ನನಗೆ ಗೊತ್ತು. 'ಚಂದ್ರಕಲಾ' ಎಂಬಲ್ಲಿ ದಕ್ಕೆ ರ ಒತ್ತು ಎಳೆಯುವುದನ್ನು ಕಲಿಸಿದವಳು ನಾನು. ತೆಲುಗಿನಲ್ಲೂ ಹಾಗೇ ಎಳೆಯುತ್ತೀಯ.

ನೂರಕ್ಕೆ ನೂರು ಕಲಬೆರಕೆ ಎಂದರೆ ಏನು ಕಲಾ? ಒಂದೇ ಕಾಳು ಚೀಲದ ತುಂಬ ಇದ್ದರೆ ಅದಕ್ಕೆ ಯಾವುದು ಬೆರೆತ ಹಾಗಾಯಿತು?

ನೋಟೀಸಿನ ತಾರೀಖು ಆಗಸ್ಟ್ 28. ಪರೀಕ್ಷೆ ಇನ್ನೂ ನಡೆಯುತ್ತಿದೆ ಎಂದು ನೀನು ಬರೆದದ್ದು ಸೆಪ್ಟೆಂಬರ್ 10. ಎರಡು ತಾರೀಖನ್ನೂ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೊನೆಗೆ ಕೊಟ್ಟ ಐದು ಕಿಲೋ ಎಲ್ಲಿಂದ ಬಂತು ಎಂದು ನೀನು ಕೇಳಲಿಲ್ಲ. ಐದು ಗಡಿಗೆಯ ತಳಗಾಳು. ಮಾವನಿಗೂ ಹೇಳಿರಲಿಲ್ಲ. ಈಗ ಗಡಿಗೆಗಳನ್ನು ತೊಳೆದು ಬೋರಲು ಹಾಕಿದ್ದೇನೆ.

ಶಿವಲಕ್ಷ್ಮಮ್ಮ ಈಗ ಸಂಜೆ ಬರುವುದಿಲ್ಲ. ನಲ್ಲಿಯ ಹತ್ತಿರ ಸಿಕ್ಕಿದಳು. "ನಾನು ಕೊಟ್ಟಿದ್ದು ನಿನ್ನ ಮಾತಿಗೆ ಅಕ್ಕಾ, ಬ್ಯಾಂಕಿಗಲ್ಲ" ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಹೋದಳು.

ಸರ್ವಮಂಗಳಮ್ಮ


ಹಿಂದೂಪುರ
9 ಜನವರಿ 2024

ಅತ್ತೆ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಕೆಲಸ ಬಿಟ್ಟ ಮೇಲೆ ಬರೆಯೋಣ, ಆಗ ನನ್ನ ಮಾತಿಗೆ ಬೆಲೆ ಇರುತ್ತದೆ ಎಂದು ಕಾದೆ. ಕೆಲಸ ಬಿಡಲಿಲ್ಲ. ಬಿಡುತ್ತೇನೆಂದೂ ಅನ್ನಿಸುತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀವು ತಿದ್ದಿದ ಕಾಗದವನ್ನು ನಾನು ಜೂನ್‌ನಲ್ಲಿ ಓದಲಿಲ್ಲ. ಮಡಿಕೆಯ ನಡುವೆ ಕೆಂಪು ಕಂಡಿತು, ಒತ್ತಕ್ಷರ ಎಂದುಕೊಂಡೆ, ಕಡತಕ್ಕೆ ಸೇರಿಸಿದೆ. ಓದಿದ್ದು ಆಗಸ್ಟ್ 18ಕ್ಕೆ, ನವಣೆ ಬಂದಿದೆ ಎಂಬ ನಿಮ್ಮ ಕಾಗದ ತಲುಪಿದ ಸಂಜೆ. ಮೂರನೆಯ ಸಾಲಿನಲ್ಲಿ ಕೊರ್ರ ಎಂಬುದರ ಮೇಲೆ ಗೆರೆ ಎಳೆದಿದ್ದೀರಿ. ಅಂಚಿನಲ್ಲಿ ಬರೆದಿದ್ದೀರಿ: 'ಕೊರ್ರ ಎಂದರೆ ನವಣೆ. ಇದು ಕೊರಲೆ. ತೆಲುಗಿನಲ್ಲಿ ಅಂಡುಕೊರ್ರ. ಫಾರಂನಲ್ಲಿ ಸರಿಮಾಡು.' ನಾಲ್ಕು ಸಣ್ಣ ವಾಕ್ಯ. ಒಂದರಲ್ಲೂ ಒಗಟಿಲ್ಲ.

ಹೆಸರುಗಳು ಅಷ್ಟು ಹತ್ತಿರವಿದ್ದಾಗ ಎರಡೂ ಒಂದೇ, ನಾಲಿಗೆಯ ವ್ಯತ್ಯಾಸ ಅಷ್ಟೇ ಎಂದುಕೊಂಡೆ. ತೆಲುಗಿನಲ್ಲಿ ಫೋನ್ ಮಾಡಿದ್ದರೆ ನೀವು ಅಂಡುಕೊರ್ರ ಎಂದಿರುತ್ತಿದ್ದಿರಿ, ನಾನು ಹಾಗೇ ಬರೆದುಕೊಳ್ಳುತ್ತಿದ್ದೆ. ಕನ್ನಡ ಉಳಿಸಿಕೊಳ್ಳಲು ಇಟ್ಟುಕೊಂಡ ಕಾಗದದಲ್ಲೇ ಇದು ಆಯಿತು. ಮೊದಲ ಕಾಗದದಲ್ಲಿ ನನಗೆ ನೆನಪಾಗದ ಅಕ್ಷರ ಯಾವುದೆಂದು ಈಗ ನೆನಪಾಗಿದೆ. ನವಣೆಯ ಮೇಲೆ ನ, ಕೊರಲೆಯ ಮೇಲೆ ಕ. ಬೇರೆ ಬೇರೆ ಮೊರ. ಕೊರಲೆಯದು ಬೆರಳಿಗೆ ಹೆಚ್ಚು ಒರಟಾಗಿತ್ತು.

ಇಷ್ಟೇ ಆಗಿದ್ದರೆ ಇದನ್ನು ತಪ್ಪು ಎನ್ನಬಹುದಿತ್ತು. ಇನ್ನೂ ಇದೆ.

ಬೈರಣ್ಣ ನಿಮ್ಮ ಕಾಳನ್ನು ಬಹಳ ಹೊತ್ತು ನೋಡಿದರು ಎಂದು ಬರೆದಿದ್ದೆ. ಆಮೇಲೆ ಏನೆಂದರು ಎಂಬುದನ್ನು ಬರೆದಿರಲಿಲ್ಲ. "ಇದಿ ಕೊರ್ರ ಕಾದಮ್ಮಾ, ಕೊರ್ರ ಅಲ್ಲ ಇದು. ನಮ್ಮೂರ ಕಡೆ ಇದಕ್ಕೆ ಬೇರೆ ಹೆಸರೈತೆ" ಎಂದರು. ನಮ್ಮ ಅತ್ತೆ ಬೆಳೆದ ಕಾಳು, ನನಗೆ ಹೇಳಿಕೊಡಬೇಡಿ ಎಂದೆ. "ಸರಿ ಕಣಮ್ಮ, ನೀವು ಓದಿರೋರು" ಎಂದು ಜರಡಿ ಎತ್ತಿಕೊಂಡರು. ಅದನ್ನು ಅಣಕವೆಂದು ಆಗ ತಿಳಿಯಲಿಲ್ಲ. ಈಗ ಯೋಚಿಸಿದರೆ ಅಣಕವೂ ಇರಲಿಲ್ಲವೇನೋ.

ಪ್ರಯೋಗಾಲಯಕ್ಕೆ ಹೋದದ್ದು ನನ್ನ ಫಾರಂ. ಕೊರ್ರ ಎಂದು ಬರೆದ ಚೀಲದಲ್ಲಿ ಕೊರ್ರದ ಒಂದು ಕಾಳೂ ಇಲ್ಲ. ಇರುವುದೆಲ್ಲ ಬೇರೆ ಕಾಳು. ಆದ್ದರಿಂದ ನೂರಕ್ಕೆ ನೂರು. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ ಅತ್ತೆ. ಏನೂ ಬೆರೆತಿರಲಿಲ್ಲ. ತಿರಸ್ಕರಿಸಿದ ಬೇರೆ ಚೀಲಗಳ ಜೊತೆ ಆಗಸ್ಟ್ 11ಕ್ಕೆ ಅದನ್ನು ಪರಿಗಿ ಬಳಿಯ ಒಂದು ಕೋಳಿ ಫಾರಂಗೆ ಕೊಟ್ಟುಬಿಟ್ಟಿದ್ದರು. 19ಕ್ಕೆ ನಾನೇ ಹೋದೆ. ಚೀಲ ಝಾಡಿಸಿ ಮಡಚಿಟ್ಟಿದ್ದರು. ಹೊಲಿಗೆಯ ಸಂದಿನಲ್ಲಿ ಹನ್ನೆರಡು ಕಾಳು ಸಿಕ್ಕವು. ಮನೆಗೆ ತಂದು ಕುಂಡದಲ್ಲಿ ಹಾಕಿದೆ. ಬರಲಿಲ್ಲ.

21ಕ್ಕೆ ಯುವರಾಜರಿಗೆ ಎಲ್ಲ ಹೇಳಿದೆ. ಫಾರಂ ತಿದ್ದಿ, ನೋಟೀಸು ನಿಲ್ಲಿಸಿ ಎಂದೆ. ಒಂದು ಫಾರಂ ತಪ್ಪೆಂದು ಬರೆದುಕೊಟ್ಟರೆ ನಾನು ತುಂಬಿದ ಇನ್ನೂರಹನ್ನೆರಡನ್ನೂ ಬಿಚ್ಚುತ್ತಾರೆ, ಅಕ್ಟೋಬರಿನ ಪರಿಶೀಲನೆಯಲ್ಲಿ ಬ್ಯಾಂಕೇ ಮುಚ್ಚುತ್ತದೆ ಎಂದರು. ಕೂಗಾಡಲಿಲ್ಲ, ಮೆತ್ತಗೇ ಹೇಳಿದರು. "ಬೀಜ ಹೋಯಿತು ಮೇಡಂ. ಫಾರಂ ಆದರೂ ಉಳಿಸಿಕೊಳ್ಳೋಣ." ಅವರ ಮಾತಿನಲ್ಲಿ ಅರ್ಥವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಊರುಗಳ ಹೆಂಗಸರ ಬೀಜವೂ ಅಲ್ಲಿದೆಯಲ್ಲ ಎಂದುಕೊಂಡೆ. 28ಕ್ಕೆ ನೋಟೀಸು ನನ್ನ ಮೇಜಿಗೆ ಬಂತು. ಕಟ್ಟಿನ ನಡುವೆ ಓದದೆ ಸಹಿ ಹಾಕಿದೆ ಎಂದು ಈ ಕಾಗದದ ಹಿಂದಿನ ಪ್ರತಿಯಲ್ಲಿ ಬರೆದಿದ್ದೆ. ಸುಳ್ಳು. ನಿಮ್ಮ ಹೆಸರು ಓದಿದೆ. ಓದಿ ಹಾಕಿದೆ.

ಪರಿಶೀಲನೆ ಚೆನ್ನಾಗಿ ಆಯಿತು. ಕಲಬೆರಕೆಯನ್ನು ಹಿಡಿದು ಹೆಸರು ಸಮೇತ ಪ್ರಕಟಿಸಿದ್ದಕ್ಕೆ ನಮ್ಮನ್ನು ಹೊಗಳಿದರು. ಬ್ಯಾನರು ಮಾತ್ರ ತೆಗೆಸಿದ್ದಾರೆ.

ಈ ನಾಲ್ಕು ತಿಂಗಳು ಭಾನುವಾರಗಳಲ್ಲಿ ರೊದ್ದಂ, ಪರಿಗಿಯ ಸುತ್ತ ಊರೂರು ಕೇಳಿದೆ. ನಿಮ್ಮ ಅತ್ತೆಯ ಕಾಳಿನಂಥದ್ದು ಎಲ್ಲೂ ಸಿಗಲಿಲ್ಲ. ಪಾವಗಡದ ಆಚೆ ಒಬ್ಬರ ಹತ್ತಿರ ಕೊರಲೆ ಸಿಕ್ಕಿತು. ಬಯಲಿನಲ್ಲಿ ಬೆಳೆದದ್ದು, ನೆರಳಿಗೆ ಹೇಗೋ ಗೊತ್ತಿಲ್ಲ. ಐದು ಕಿಲೋ ಕಳಿಸುತ್ತಿದ್ದೇನೆ. ಶಿವಲಕ್ಷ್ಮಮ್ಮನವರ ಹತ್ತಿರ ನಾನೇ ಬಂದು ಹೇಳಬೇಕು. ಇನ್ನೂ ಧೈರ್ಯ ಬಂದಿಲ್ಲ.

ಕ್ಷಮಿಸಿ ಎಂದು ಬರೆಯಲು ಕೈ ಏಳುತ್ತಿಲ್ಲ. ಕೇಳಿದರೆ ನೀವು ಕೊಡುತ್ತೀರಿ, ಐದು ಕಿಲೋ ಕೊಟ್ಟ ಹಾಗೆ.

ಕಲಾ


ಬೆಳುಗುಪ್ಪ, ಕಲ್ಯಾಣದುರ್ಗ
29 ಜನವರಿ 2024

ಕಲಾ,

ನಿನ್ನ ಕಾಗದ ಮಾವನಿಗೆ ಓದಿ ಹೇಳಿದೆ. ಆಮೇಲೆ, "ಒಂದು ಫಾರಂ ತುಂಬೋಕೆ ಹೋಗಿ ಇನ್ನೊಂದು ಫಾರಂನ ಕೋಳಿಗಳ ಹೊಟ್ಟೆ ತುಂಬ್ಸುಬುಟ್ಲು" ಎಂದರು. ಎಂದಿನಂತೆ ತಮಾಷೆಗೆ ಹೇಳಿದ್ದಲ್ಲ. ಎದ್ದು ಹೊಲಕ್ಕೆ ಹೋದರು.

ಶಿವಲಕ್ಷ್ಮಮ್ಮನಿಗೆ ನೀನು ಹೇಳುವುದು ಬೇಡ. ನಾನೇ ಅವಳ ಮನೆಗೆ ಹೋಗಿ ಓದಿ ಹೇಳಿದೆ. ಎರಡನೆಯ ಹಾಳೆಗೆ ನಿಲ್ಲಿಸು ಎಂದಳು. ಗೋಡೆಯ ಮೇಲಿನ ಕಾಗದ ತೆಗೆಸುತ್ತಾಳಾ ಎಂದು ಕೇಳಿದಳು. ನಿನ್ನ ಕಾಗದದಲ್ಲಿ ಅದು ಇಲ್ಲ ಎಂದೆ.

ಪಾವಗಡದ ಕೊರಲೆ ತಲುಪಿತು. ಕೊರಲೆಯೇ. ನನ್ನ ತವರಿನ ಕಡೆಯದು, ದೂಷಿಸುವುದಿಲ್ಲ. ಒಂದು ಗಡಿಗೆಯಲ್ಲಿ ಬೂದಿ ಬೆರೆಸಿ ಬೇರೆ ಇಟ್ಟಿದ್ದೇನೆ.

ಇನ್ನೊಂದು. ಆಚೆ ವರ್ಷದ ಸುಗ್ಗಿಯಲ್ಲಿ ಉದುರಿದ ಕಾಳು ಈ ಸಲದ ಮಳೆಗೆ ತಾನಾಗಿ ಎದ್ದು, ಹುಣಸೆ ಮರದಡಿ ಅಲ್ಲೊಂದು ಇಲ್ಲೊಂದು ತೆನೆ ಬಿಟ್ಟಿತ್ತಂತೆ. ಅಕ್ಟೋಬರಿನಲ್ಲಿ ಮಾವ ನೋಡಿ ಹೇಳಿದರು. ಕೊಯ್ದೆನೋ, ಕುರಿ ತಿಂದವೋ, ಎಷ್ಟು ಸಿಕ್ಕಿತು, ಎಲ್ಲಿಟ್ಟೆ ಎಂಬುದನ್ನು ನಾನು ನಿನಗೆ ಬರೆಯುವುದಿಲ್ಲ. ಬರೆದರೆ ಎಲ್ಲಾದರೂ ಒಂದು ಫಾರಂ ಸೇರುತ್ತದೆ. ನೀನು ಬೇಕೆಂದು ಮಾಡುವುದಿಲ್ಲ, ಗೊತ್ತು. ಮೊದಲನೆಯ ಸಲವೂ ಬೇಕೆಂದು ಮಾಡಿರಲಿಲ್ಲ.

ನಿನ್ನ ಕಾಗದ ಇದರ ಜೊತೆ ವಾಪಸು ಇದೆ. ಪೆನ್ನು ಕೈಯಲ್ಲಿ ಹಿಡಿದು ಮೂರು ಸಲ ಓದಿದೆ. ಒತ್ತಕ್ಷರ ಸರಿ, ದೀರ್ಘ ಸರಿ, ಕೊರಲೆ ಎಂದು ಬರೆದ ಕಡೆಯೆಲ್ಲ ಕೊರಲೆಯೇ ಇದೆ. ಒಂದು ತಪ್ಪೂ ಸಿಗಲಿಲ್ಲ. ಕೆಂಪು ಶಾಯಿ ಮುಟ್ಟಿಸಿಲ್ಲ.

ನಾನು ಕಲಿಸುವುದು ಮುಗಿಯಿತು. ಇನ್ನು ಮೇಲೆ ಏನಾದರೂ ಇದ್ದರೆ ಫೋನ್ ಮಾಡು. ತೆಲುಗಿನಲ್ಲೇ ಮಾತಾಡೋಣ.

ಸರ್ವಮಂಗಳಮ್ಮ